ಪುಕ್ಕಟೆ ಎಡಿಟಿಂಗು ಮತ್ತು ನಮ್ಮಕ್ಕ

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಬುದ್ಧಿ ಕೈಕೊಡುತ್ತದೆ. ಸೋಪಿನ ಜೊತೆ ಬಾಚಣಿಗೆ ಪುಕ್ಕಟೆ ಎಂದು ಕಂಡರೆ, ತಲೆಯಲ್ಲಿ ಬಾಚುವುದಕ್ಕೆ ಏನೂ ಉಳಿದಿಲ್ಲ ಎಂಬುದನ್ನೇ ಮರೆತು ಕೊಂಡು ತರುತ್ತೇನೆ. ಇದನ್ನು ಕಂಡಾಗೆಲ್ಲ ನನ್ನ ಹೆಂಡತಿ ಈರಮ್ಮ ಹೇಳುವುದು ಒಂದೇ ಮಾತು: "ನಮ್ಮಪ್ಪಾನೂ ನಿಮ್ಮಂಗ ರೀ. ವರದಕ್ಷಿಣೆ ಕೇಳೂದಿಲ್ಲ ಅಂದ ಕೂಡ್ಲೆ ನಿಮ್ಮನ್ನ ಹಿಡಕೊಂಡು ಬಂದ." ಇಂಥ ನಾನು ಪುಕ್ಕಟೆ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಹುಡುಕಲು ಹೊರಟದ್ದರಲ್ಲಿ ಆಶ್ಚರ್ಯವೇನಿಲ್ಲ. ಆಗಬಾರದ್ದು ಆದದ್ದು ಆಮೇಲೆ.

ಗಡಿಯಾಚೆ ತೆಲುಗು ಸೀಮೆಯ ರಾಯದುರ್ಗದ ಒಂದು ಜೀನ್ಸ್ ಕಾರ್ಖಾನೆಯಲ್ಲಿ ನಾನು ಕಟಿಂಗ್ ಮಾಸ್ಟರ್. ಹುಟ್ಟಿದ್ದು ಅದೇ ಗಡಿಯ ರೊಳ್ಳದ ಕಡೆ ಕನ್ನಡದ ಹಳ್ಳಿಯಲ್ಲಿ. ನನಗೊಬ್ಬಳೇ ಅಕ್ಕ, ಲಕ್ಷ್ಮಕ್ಕ. ಭಾವ ತೀರಿಕೊಂಡ ಮೇಲೆ ಕೂಸು ಭವ್ಯಳನ್ನು ನಮ್ಮ ಮಡಿಲಿಗೆ ಹಾಕಿ, ತಾನು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟುಹೋದಳು. ಅಂದಿನಿಂದ ಅಲ್ಲಿನ ಹೊಲಿಗೆ ಲೈನಿನಲ್ಲಿ ಅಂಗಿಗಳಿಗೆ ಕಾಲರ್ ಕೂರಿಸುತ್ತಲೇ ಇದ್ದಾಳೆ. ಭವ್ಯ ನಮ್ಮ ಮನೆಯಲ್ಲಿ ಬೆಳೆದಳು, ಇದೇ ಊರಿನ ಹುಡುಗನನ್ನು ಮದುವೆಯಾದಳು, ಈಗ ಬಸುರಿ. ಸೀಮಂತವನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಅಕ್ಕನಿಗೆ ಫೋನ್ ಮಾಡಿದರೆ, "ಶಿಪ್‌ಮೆಂಟ್ ಐತೆ ಕಣ್ಲಾ, ರಜಾ ಕೊಡಲ್ಲ. ನೀವು ಮಾಡ್ರಿ. ಇಡಿಯೋ ಮಾಡಿ ಕಳ್ಸು, ಊಟದ ಟೈಮಲ್ಲಿ ನಮ್ ಲೈನಿನೋರ್ಗೆಲ್ಲ ತೋರುಸ್ತೀನಿ" ಅಂದಳು. ದನಿ ಗಟ್ಟಿಯಾಗಿಯೇ ಇತ್ತು. ನಾನೂ ನಂಬಿದೆ. ನಂಬುವುದು ಸುಲಭವಾಗಿತ್ತು, ಅದಕ್ಕೇ ನಂಬಿದೆ.

ವಿಡಿಯೋ ತೆಗೆದವಳು ಈರಮ್ಮ. ಅವಳ ಕೈಗೆ ಫೋನ್ ಕೊಟ್ಟದ್ದು ಯಾಕೆಂದು ಕೇಳಬೇಡಿ; ಕೊಡದಿದ್ದರೆ ಏನಾಗುತ್ತಿತ್ತೆಂದು ಮದುವೆಯಾದವರಿಗೆ ಗೊತ್ತಿದೆ. ಸಮಾರಂಭದ ಮುಕ್ಕಾಲು ಪಾಲು ಅವಳ ಹೆಬ್ಬೆರಳೇ ಕಾಣುತ್ತಿತ್ತು. ಮಿಕ್ಕದ್ದರಲ್ಲಿ ಫ್ಯಾನು, ಯಾರದೋ ಕಾಲುಂಗುರ, ಕೋಸಂಬರಿ ಪಾತ್ರೆ. ನಡುನಡುವೆ ಅವಳದೇ ಕೂಗು: "ಏ ಭವ್ಯಾ, ಇಕ್ಕಡೆ ನೋಡ ಬೇ! ಲೈಟ್ ಹಚ್ಚ್ರಿ ಯಾರಾರ!" ದೇವರ ದಯೆಯಿಂದ ಬಳೆ ತೊಡಿಸುವ ಹೊತ್ತಿಗೆ ಮಾತ್ರ ಹೆಬ್ಬೆರಳು ಸರಿದಿತ್ತು. ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು ಕೂತ ಭವ್ಯಳ ಮುಖ ಇಡಿಯಾಗಿ, ಚೆಂದವಾಗಿ ಬಂದಿತ್ತು.

ಆದರೆ ಅಲ್ಲಿಯೇ ತೊಡಕಿದ್ದದ್ದು. ಮುತ್ತೈದೆಯರು ಒಬ್ಬೊಬ್ಬರಾಗಿ ಬಳೆ ಏರಿಸುತ್ತಿದ್ದಾಗ ಭವ್ಯ ನಗುಮುಖದಲ್ಲೇ ಪಕ್ಕದವಳಿಗೆ ಹೇಳಿಬಿಟ್ಟಿದ್ದಳು: "ರಜಾ ಇಲ್ಲ ಅನ್ನೋದು ಸುಳ್ಳು. ಗಂಡ ಇಲ್ದೋಳು ಇಂಥದ್ರಲ್ಲಿ ನಿಲ್ಲಬಾರ್ದು ಅಂತ ಅಮ್ಮ ಬರ್ಲಿಲ್ಲ. ನಂಗೆ ಬೇಕಾಗಿದ್ದಿದ್ದು ಅಮ್ಮನ ಕೈ ಬಳೇನೇ." ಮುಖದಲ್ಲಿ ನಗುವಿತ್ತು, ದನಿ ಮಾತ್ರ ಒಡೆದು ಹೋಗಿತ್ತು. ರಾತ್ರಿ ವಿಡಿಯೋ ನೋಡುವಾಗ ಇದನ್ನು ಕೇಳಿ ಅಲ್ಲಿಗೇ ನಿಲ್ಲಿಸಿದೆ. ಈ ಮಾತು ಅಕ್ಕನ ಕಿವಿಗೆ ಬಿದ್ದರೆ ಅವಳು ಆ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ಅಳುತ್ತಾಳೆ. ಹಾಗಂತ ಆ ಭಾಗವನ್ನೇ ತೆಗೆದರೆ ಕಳಿಸಲು ಉಳಿಯುವುದು ಈರಮ್ಮನ ಹೆಬ್ಬೆರಳು ಮಾತ್ರ. ಈರಮ್ಮನೇ ದಾರಿ ಹೇಳಿದಳು: "ಮಾತು ತಗದು ಹಾಡು ಹಾಕ್ರಿ. ಅಷ್ಟಕ್ಕ ಯಾಕ ಒದ್ದಾಡ್ತೀರಿ?"

ಜೀನ್ಸ್ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ ಒಂದೇ ಏಟಿಗೆ ಕತ್ತರಿಸುವ ನನಗೆ ಇಷ್ಟು ವಿಡಿಯೋ ಕತ್ತರಿಸುವುದು ಯಾವ ಲೆಕ್ಕ ಎಂದುಕೊಂಡೆ. 'ಹೊಸಬರಿಗೆ ಸುಲಭವಾದ ಪುಕ್ಕಟೆ ಎಡಿಟಿಂಗ್' ಎಂದು ಫೋನಿನಲ್ಲಿ ಹುಡುಕಿದೆ. ಒಂದು ರಾಶಿ ಬಂತು. ಎಲ್ಲವೂ ಅತಿ ಸುಲಭ, ಎಲ್ಲವೂ ಅತ್ಯುತ್ತಮ. ಮೊದಲನೆಯದನ್ನು ಕಾರ್ಖಾನೆಯ ಆಫೀಸಿನ ಕಂಪ್ಯೂಟರಿಗೆ ಹಾಕಿದೆ. ಬಿಲ್ಲು ಬರೆದುಕೊಂಡು ಮರ್ಯಾದೆಯಿಂದ ಬದುಕಿದ್ದ ಮುದಿ ಕಂಪ್ಯೂಟರ್ ಅದು. ಸಾಫ್ಟ್‌ವೇರ್ ತೆರೆದ ಕೂಡಲೇ ಏದುಸಿರು ಬಿಟ್ಟು, ಪರದೆ ನೀಲಿಯಾಗಿ, ಸುಮ್ಮನಾಯಿತು. ನಮ್ಮ ಧಣಿ ಬಂದು, "ಏಂ ಮಾಸ್ಟರೂ, ಚಂಪೇಶಾವಾ?" ಎಂದು ತೆಲುಗಿನಲ್ಲಿ ಕೇಳಿದರು, ಕೊಂದುಬಿಟ್ಟೆಯಾ ಎಂದು. ಇಲ್ಲ ಸಾರ್, ಸುಸ್ತಾಗಿದೆ ಅಷ್ಟೇ ಎಂದೆ.

ಆಮೇಲೆ ಫೋನಿನಲ್ಲೇ ಸಂಸಾರ. ಎರಡನೆಯದು ಬಲು ಸಲೀಸಾಗಿತ್ತು. ಆದರೆ ಮುಗಿಸಿ ನೋಡಿದರೆ ಭವ್ಯಳ ಮೂಗಿನ ಮೇಲೆ ಅಡ್ಡಡ್ಡ ತನ್ನ ಹೆಸರು ಬರೆದುಕೊಂಡಿತ್ತು. ಅದನ್ನು ಅಳಿಸಬೇಕಾದರೆ ದುಡ್ಡು ಕಟ್ಟಬೇಕಂತೆ. ಮೂರನೆಯದು ಇನ್ನೂ ಜಾಣ. ಒಂದು ಸಂಜೆಯೆಲ್ಲ ಕತ್ತರಿಸಲು ಬಿಟ್ಟು, ಅಂಟಿಸಲು ಬಿಟ್ಟು, ಕೊನೆಗೆ ಸೇವ್ ಎಂದು ಒತ್ತಿದಾಗ 'ಇದಕ್ಕೆ ಮಾತ್ರ ಚಂದಾ' ಎಂದಿತು. ಬಾಯಿಗೆ ಬಂದದ್ದನ್ನೆಲ್ಲ ಬೈದೆ. "ಫೋನಿಗೆ ಕಿವಿ ಕೇಳಸ್ತದೇನ್ರಿ?" ಎಂದಳು ಈರಮ್ಮ. ಕೇಳಿಸುತ್ತದೆ ಎಂದು ನನ್ನ ಗುಮಾನಿ, ಬೈದ ಆ ರಾತ್ರಿಯೆಲ್ಲ ಅದು ಚಾರ್ಜೇ ಆಗಲಿಲ್ಲ.

ನಾಲ್ಕನೆಯದು ಸಿಕ್ಕಿತು ನೋಡಿ, ಬಂಗಾರದಂಥದ್ದು! ಹೆಸರೂ ಬರೆಯುವುದಿಲ್ಲ, ಚಂದಾನೂ ಕೇಳುವುದಿಲ್ಲ. ನಡುವೆ ಜಾಹೀರಾತು ನೋಡಿದರೆ ಆಯಿತು. ಅದರಲ್ಲಿ ಮಾತು ಅಳಿಸುವ ಗುಂಡಿ, ವಾದ್ಯ ಸೇರಿಸುವ ಗುಂಡಿ, ಗುಲಾಬಿ ಪಕಳೆ ಉದುರಿಸುವ ಗುಂಡಿ, ಚಿತ್ರವನ್ನು ನಿಧಾನವಾಗಿ ಓಡಿಸುವ ಗುಂಡಿ ಎಲ್ಲವೂ ಇದ್ದವು. ಪುಕ್ಕಟೆ ಎಂದಮೇಲೆ ಬಿಡುತ್ತೇನೆಯೇ? ಎಲ್ಲವನ್ನೂ ಒತ್ತಿದೆ. ಮಾತು ಅಳಿಸಿ ನಾದಸ್ವರದ ಓಲಗ ಸೇರಿಸಿದೆ. ಪಕಳೆ ಉದುರಿಸಿದೆ. ಭವ್ಯಳ ಮುಖ ಬಂದ ಕಡೆಯಲ್ಲೆಲ್ಲ ಚಿತ್ರವನ್ನು ನಿಧಾನ ಮಾಡಿದೆ. ಸಿನಿಮಾದಲ್ಲಿ ಕಥಾನಾಯಕಿ ತಲೆ ತಿರುಗಿಸುವಷ್ಟು ನಿಧಾನ. ಈರಮ್ಮನೇ ನೋಡಿ, "ಛಲೋ ಮಾಡೀರಿ ರೀ" ಎಂದಳು. ನಮ್ಮ ಸಂಸಾರದಲ್ಲಿ ಅದು ಸಣ್ಣ ಮಾತಲ್ಲ. ಅಕ್ಕನಿಗೆ ಕಳಿಸಿ, ಅವಳ ನೋವು ತಪ್ಪಿಸಿದೆನೆಂದು ಹಗುರಾದೆ.

ಮರುದಿನ ಮಧ್ಯಾಹ್ನ ಅಕ್ಕನ ಫೋನು ಬಂತು. ಹಿಂದೆ ಹೆಂಗಸರ ಗದ್ದಲ, ತಟ್ಟೆಗಳ ಸದ್ದು.

"ನೋಡ್ದೆ ಕಣ್ಲಾ. ಓಲ್ಗ ಚೆನ್ನಾಗೈತೆ. ಭಾನ್ವಾರ ಬತ್ತೀನಿ."

"ಯಾಕಕ್ಕ? ಶಿಪ್‌ಮೆಂಟು?"

"ಶಿಪ್‌ಮೆಂಟಿಗೆ ಬೆಂಕಿ ಬೀಳ. ನನ್ ಕೈ ಬಳೆ ಬೇಕು ಅಂದೈತಲ್ಲ ಕೂಸು."

ನನಗೆ ಜೀವ ಬಾಯಿಗೆ ಬಂತು. ಅವಳು ಅಂದದ್ದು ನಿನಗೆ ಹೇಗೆ ಗೊತ್ತಾಯಿತು, ನಾನು ಮಾತೆಲ್ಲ ಅಳಿಸಿದ್ದೆನಲ್ಲ ಎಂದು ಬಾಯಿಬಿಟ್ಟೇ ಕೇಳಿದೆ.

"ಥೂ ದಡ್ಡ! ಮಿಷಿನ್ ಸದ್ದಲ್ಲಿ ನಮ್ಗೆ ಯಾವತ್ತು ಮಾತು ಕೇಳ್ಸೈತೆ? ಆ ಸಾಲಿನೋರು ಈ ಸಾಲಿನೋರು ತುಟಿ ನೋಡ್ಕಂಡೇ ಅಲ್ವ ಕಷ್ಟಸುಖ ಮಾತಾಡೋದು. ಮಾಮೂಲಿ ಓಡಿದ್ರೆ ಒಂದೆಲ್ಡು ಮಾತು ತಪ್ಪಿ ಹೋಗ್ತಿತ್ತೇನೋ. ನೀನು ನಿಧಾನಕ್ಕೆ ಬ್ಯಾರೆ ಬಿಟ್ಟಿದೀಯ, ಬಿಡಿಬಿಡಿಯಾಗಿ ಕಾಣ್ತು. ನಾನೊಬ್ಳೇ ಅಲ್ಲ, ಇಡೀ ಲೈನೇ ನೋಡ್ತು. ಎಲ್ರೂ ಸೇರ್ಕಂಡು ಉಗುದ್ರು ನಂಗೆ. ಹೆತ್ತೋಳ ಕೈಗಿಂತ ಮುತ್ತೈದೆ ಕೈ ಬೇಕಾ, ಹೋಗಕ್ಕ ಮೊದ್ಲು ಅಂತ."

ನಮ್ಮ ಕಾರ್ಖಾನೆಯಲ್ಲೂ ಹೊಲಿಯುವ ಹೆಂಗಸರು ಹಾಗೇ ಸದ್ದಿಲ್ಲದೆ ತುಟಿಯಾಡಿಸುತ್ತ ನಗುವುದನ್ನು ನಾನು ದಿನಾ ಕಂಡಿದ್ದೇನೆ. ಆದರೂ ಹೊಳೆದಿರಲಿಲ್ಲ. ಫೋನ್ ಇಟ್ಟ ಮೇಲೆ, ಆಗಲೇ ಕತ್ತರಿಸಿದ್ದ ಬಟ್ಟೆಯನ್ನೇ ಮತ್ತೆ ಕಟಿಂಗ್ ಟೇಬಲ್ಲಿನ ಮೇಲೆ ಹಾಸಿದೆ.

ಭಾನುವಾರ ಅಕ್ಕ ಬಂದಳು. ಬಸ್ಸಿಳಿದು, ದಾರಿಯಲ್ಲಿ ತಾನೇ ಆರಿಸಿ ಕೊಂಡ ಹಸಿರು ಗಾಜಿನ ಬಳೆ ಹಿಡಿದು ಬಂದವಳು ಹೊಸಿಲ ಹತ್ತಿರ ಒಂದು ಗಳಿಗೆ ತಡೆದಳು. ಈರಮ್ಮ ಹೋಗಿ ಕೈಹಿಡಿದು, "ಬರ್ರಿ ಅಕ್ಕಾರ, ನಿಮ್ಮನಿಗೆ ನೀವ ಯಾಕ ನಿಂತ್ಕೊಂತೀರಿ?" ಎಂದು ಒಳಗೆ ಎಳೆದುಕೊಂಡಳು. ಭವ್ಯ ಎರಡೂ ಕೈ ಮುಂದೆ ಚಾಚಿದಳು. ಅಕ್ಕ ಒಂದೊಂದಾಗಿ ಬಳೆ ಏರಿಸಿದಳು. ಕಾಲರಿನ ಮೂಲೆಯನ್ನು ಕಣ್ಣುಮುಚ್ಚಿ ತಿರುಗಿಸುವ ಕೈ ಅದು. ಒಂದು ಬಳೆಯೂ ಒಡೆಯಲಿಲ್ಲ. ತಾಯಿ ಮಗಳು ಇಬ್ಬರೂ ಅತ್ತರು. ಈರಮ್ಮನೂ ಅತ್ತಳು. ನಾನು ಅದೇನೋ ಕಣ್ಣಿಗೆ ಬಿತ್ತೆಂದು ಹಿತ್ತಲಿಗೆ ಹೋಗಿ ಬಂದೆ. ಈ ಸಲ ಯಾರೂ ವಿಡಿಯೋ ತೆಗೆಯಲಿಲ್ಲ.

ಊಟಕ್ಕೆ ಕೂತಾಗ ಅಕ್ಕ ನನ್ನ ಕಡೆ ನೋಡಿ ಮುಸಿಮುಸಿ ನಕ್ಕಳು. "ಭವ್ಯನ ಹಿಂದೆ ಬಾಗ್ಲತ್ರ ನಿಂತ್ಕಂಡು ಅದ್ಯಾರತ್ರವೋ ನೀನೂ ಏನೋ ಅಂತಿದ್ದೆ ಕಣ್ಲಾ. ನಮ್ಮಕ್ಕ ಇದ್ದಿದ್ರೆ ಹೋಳ್ಗೆ ಮೆತ್ತಗಿರ್ತಿದ್ದೊ, ಇವಳು ಮಾಡಿರೋದನ್ನ ಮಚ್ಚಲ್ಲೇ ಕಡೀಬೇಕು ಅಂತ."

ಬಡಿಸುತ್ತಿದ್ದ ಈರಮ್ಮನ ಕೈ ನಿಂತಿತು. ನಾನು ಎಲೆಯ ಮೇಲಿನ ಉಪ್ಪನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಈರಮ್ಮ ಪಾತ್ರೆ ಕೆಳಗಿಟ್ಟು ಒಳಗೆ ಹೋದಳು. ಅಕ್ಕನ ಮೇಲೆ ಸಿಟ್ಟು ಮಾಡಿಕೊಂಡಳೇನೋ ಎಂದು ಗಾಬರಿಯಾದೆ. ಇಲ್ಲ, ಬರುವಾಗ ಅವಳ ಮುಖ ಅರಳಿತ್ತು, ಕೈಯಲ್ಲಿ ನಮ್ಮ ಮದುವೆಯ ವಿಡಿಯೋ ಸೀಡಿ ಇತ್ತು.

"ಅಕ್ಕಾರ, ಊಟ ಆದ ಮ್ಯಾಲೆ ಇದನ್ನೊಮ್ಮೆ ನೋಡ್ರಿ. ಇದ್ರಾಗೂ ಬರೇ ವಾಲಗ ಐತ್ರಿ. ತಾಳಿ ಕಟ್ಟೂಕಿಂತ ಮದ್ಲ ನಿಮ್ಮ ತಮ್ಮ ನನ್ನ ಮಾರಿ ನೋಡಿ ಗೆಳ್ಯಾನ ಕಿವ್ಯಾಗ ಏನೋ ಅಂದಾರ. ಇಷ್ಟು ವರ್ಷ ಕೇಳಿದ್ರೂ ಬಾಯಿ ಬಿಟ್ಟಿಲ್ಲ."

ನಾನು ಏನು ಅಂದಿದ್ದೆನೋ ದೇವರಾಣೆಗೂ ನನಗೆ ನೆನಪಿಲ್ಲ. ಅಕ್ಕ ಕೈ ತೊಳೆದು ಬಂದು, ಸೆರಗಿನಿಂದ ಕನ್ನಡಕ ಒರೆಸಿಕೊಂಡು ಟೀವಿಯ ಮುಂದೆ ಕೂತಳು.

"ಎಲ್ಲಿ, ನಿಧಾನಕ್ಕೆ ಬಿಡು ಕಣ್ಲಾ," ಅಂದಳು.