ಸೆರಗಿನೊಳಗಿನ ಹೆಡ್‌ಫೋನ್

ಶಬ್ದ ಎಂದರೇನು ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ್. ಶಬ್ದ ಹೇಗೆ ಹುಟ್ಟುತ್ತದೆ, ಹೇಗೆ ಓಡುತ್ತದೆ, ಗೋಡೆಗೆ ಬಡಿದು ಹೇಗೆ ಮರಳುತ್ತದೆ, ಎಲ್ಲವನ್ನೂ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಬಲ್ಲೆ. ಅಂಥವನಿಗೆ ವೈರಿಲ್ಲದ ಹೆಡ್‌ಫೋನೊಂದನ್ನು ಅಕ್ಕನ ಕಿವಿಗೆ ಹಾಕುವುದು ಒಂದು ಕೆಲಸವೇ? ಹೀಗೆಂದುಕೊಂಡೇ ನಾನು ಸೂಪರ್ ಮಾರ್ಕೆಟ್ ಎಂಬ ನಮ್ಮ ಪೇಟೆಯ ಕಡೆ ಹೊರಟದ್ದು.

ಕಾರಣ ಮಾತ್ರ ನಗುವಂಥದ್ದಲ್ಲ. ಕಮಲಾಪುರದ ನಮ್ಮ ಭಾವ, ಅಂದರೆ ಅಕ್ಕ ಮಹಾದೇವಿಯ ಗಂಡ ಶರಣಪ್ಪ, ಈ ಬೇಸಿಗೆಯಲ್ಲಿ ತೀರಿಕೊಂಡರು. ತೋಟದಿಂದ ಬಂದು ನೀರು ಕೇಳಿದರಂತೆ. ಅಕ್ಕ ತಂಬಿಗೆ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಭಾವನಿಗೆ ಫೋನಿನಲ್ಲಿ ಅಕ್ಷರ ಒತ್ತುವುದೆಂದರೆ ಬೇಸರ. ಏನಿದ್ದರೂ ಮಾತಾಡಿ, ಆ ದನಿಯನ್ನೇ ನನಗೆ ಕಳಿಸುತ್ತಿದ್ದರು. ಹಾಗಾಗಿ ಅವರ ದನಿ ನನ್ನ ಫೋನಿನಲ್ಲಿ ಉಳಿಯಿತು. ಅಕ್ಕನ ಬಳಿ ಒಂದೂ ಇರಲಿಲ್ಲ. ಒಂದೇ ಸೂರಿನ ಕೆಳಗಿದ್ದ ಹೆಂಡತಿಗೆ ಯಾರು ದನಿ ಕಳಿಸುತ್ತಾರೆ?

ಮಾತಾಡಿಸಿಕೊಂಡು ಬರೋಣವೆಂದು ಹೋದಾಗ, ಭಾವನ ತಾಯಿ, ಅಂದರೆ ಅಕ್ಕನ ಅತ್ತೆ, ಬಚ್ಚಲಿಗೆ ಎದ್ದ ಗಳಿಗೆ ನೋಡಿ ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು.

“ಸಿದ್ದಣ್ಣ, ನಿನ್ನ ಫೋನದಾಗ ಅವರ ದನಿ ಅದ ಅಲ್ಲ? ಒಮ್ಮಿ ಕೇಳಸೋ. ಆದ್ರ ಅತ್ತಿಗಿ ಗೊತ್ತಾಗಬಾರ್ದು. ಮಗನ ದನಿ ಕೇಳಿದ್ರ ಮುದುಕಿ ಉಳಿಯಂಗಿಲ್ಲ. ಈಗೀಗ ಎರಡು ತುತ್ತು ಉಣ್ಣಾಕತ್ತಾಳ.”

ಮಗ ಹೋದಾಗಿನಿಂದ ಅತ್ತೆ ಸೊಸೆಯನ್ನು ಬಿಟ್ಟು ಕೂತವರಲ್ಲ. ಸೆರಗಿನ ಚುಂಗು ಹಿಡಿದುಕೊಂಡೇ ಇರುತ್ತಿದ್ದರು. ಇವಳೂ ಎಲ್ಲಿ ಎದ್ದು ಹೋಗಿಬಿಡುತ್ತಾಳೋ ಎಂಬ ದಿಗಿಲು. ಅವರ ಪಕ್ಕದಲ್ಲೇ ಕೂತು, ಅವರಿಗೆ ಕೇಳದಂತೆ ಅಕ್ಕನಿಗೆ ಮಾತ್ರ ಕೇಳಬೇಕು. ಇದಕ್ಕೆ ವಿಜ್ಞಾನದ ಬಳಿ ಉತ್ತರವಿದೆ ಎಂದು ನಾನು ಎದೆ ಉಬ್ಬಿಸಿದೆ.

ಅಂಗಡಿಯವನು ಕಿವಿಯೊಳಗೆ ತೂರಿಸುವ ಸಣ್ಣವನ್ನೂ, ಕಿವಿಯನ್ನೇ ಮುಚ್ಚುವ ದೊಡ್ಡವನ್ನೂ ಮುಂದಿಟ್ಟ.

“ಸಣ್ಣವು ಜಾರಿ ಬೀಳ್ತಾವ್ರಿ ಸರ್. ದೊಡ್ಡದು ತಗೋರಿ. ಹೊರಗಿನ ಆವಾಜ್ ಒಳಗ ಬರಂಗಿಲ್ಲ, ಒಳಗಿನ ಆವಾಜ್ ಹೊರಗ ಹೋಗಂಗಿಲ್ಲ.”

“ಒಳಗಿಂದು ಹೊರಗ ಹೋಗಂಗಿಲ್ಲ, ಖರೇನು?”

“ಪಕ್ಕಾ ಸರ್!”

ಬ್ರಹ್ಮಪುರದ ನಮ್ಮ ಮನೆಗೆ ತಂದು ಹೆಂಡತಿಗೆ ತೋರಿಸಿದೆ. ಸುವರ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಇಷ್ಟು ದೊಡ್ಡದು ಅಕ್ಕಾರ ತಲಿ ಮ್ಯಾಲ ಇಟ್ರ ಅವರ ಅತ್ತಿಗಿ ಕಾಣಂಗಿಲ್ಲೇನ್ರಿ?”

“ಅಕ್ಕ ಅತ್ತಿ ಮುಂದ ಸೆರಗು ಹೊತ್ಕೊಂಡೇ ಕೂಡ್ತಾಳಲ್ಲ! ಸೆರಗಿನೊಳಗ ಯಾರಿಗಿ ಕಾಣ್ತದ?”

“ಹಂಗಾರ ಸೆರಗು ಹೊತ್ಕೊಂಡು ನೀವೇ ನೋಡ್ರಿ.”

ವಿಜ್ಞಾನದ ಮಾಸ್ತರ್ ಆದವನು ಪ್ರಯೋಗಕ್ಕೆ ಹಿಂಜರಿಯಬಾರದು. ಹೆಡ್‌ಫೋನ್ ತಲೆಗೇರಿಸಿದೆ. ಅದರ ಮೇಲೆ ಸುವರ್ಣಳ ಹಳೆಯ ಸೀರೆಯ ಸೆರಗು ಹೊದ್ದು ಕನ್ನಡಿಯ ಮುಂದೆ ಕೂತೆ. ಮೀಸೆಯೊಂದನ್ನು ಬಿಟ್ಟರೆ ಎಲ್ಲ ಸರಿಯಾಗಿತ್ತು! ಫೋನಿನಲ್ಲಿ ಬ್ಲೂಟೂತ್ ತೆರೆದರೆ ಏನೇನೋ ಹೆಸರುಗಳು ಸಾಲಾಗಿ ಬಂದವು. ಮೇಲಿದ್ದದ್ದೇ ನಮ್ಮದಿರಬೇಕೆಂದು ಒತ್ತಿದೆ. ಭಾವನ ದನಿಯನ್ನು ಆಟಕ್ಕೆ ಹಚ್ಚಲು ಮನಸ್ಸಾಗಲಿಲ್ಲ. ಶಾಲೆಯಲ್ಲಿ ನಾನೇ ಮಾಡಿದ ಪಾಠವೊಂದರ ರೆಕಾರ್ಡ್ ಇತ್ತು, ಅದನ್ನು ಹಚ್ಚಿದೆ.

ಏನೂ ಕೇಳಿಸಲಿಲ್ಲ. ಧ್ವನಿ ಹೆಚ್ಚಿಸಿದೆ. ಇಲ್ಲ. ಇನ್ನೂ ಹೆಚ್ಚಿಸಿದೆ. ಊಹೂಂ! ಸುವರ್ಣ ನನ್ನೆದುರು ಕೈ ಬೀಸುತ್ತಿದ್ದಳು, ಬಾಯಿ ಆಡಿಸುತ್ತಿದ್ದಳು. ಹೊರಗಿನ ಆವಾಜ್ ಒಳಗೆ ಬರುವುದಿಲ್ಲ ಎಂಬುದಂತೂ ನಿಜವಾಗಿತ್ತು. ಅಷ್ಟರಲ್ಲಿ ಬಾಗಿಲು ತೆರೆದು ಪಕ್ಕದ ಮನೆಯ ಗೌಸ್ ಭಾಯ್ ಒಳಗೆ ಬಂದರು. ನಾನು ಹೆಡ್‌ಫೋನ್ ಕಿತ್ತೆ.

“ಮಾಸ್ತರ್, ನೀವು ನಮ್ಮ ಸ್ಪೀಕರ್ದಾಗ ಹ್ಯಾಂಗ ಹೊಕ್ಕೀರಿ? ಮಗಳನ್ನ ನೋಡಾಕ ಬೀಗರು ಬಂದು ಕುಂತಾರ. ನೀವು ‘ಬಾಯಿ ಮುಚ್ಚಿ ಕೂಡ್ರಿ, ಗದ್ದಲ ಮಾಡಬ್ಯಾಡ್ರಿ’ ಅಂತ ಅವರಿಗಿ ಬೈಯಾಕತ್ತೀರಿ!”

ಆಮೇಲೆ ಅವರು ನನ್ನನ್ನು ಸರಿಯಾಗಿ ನೋಡಿದರು.

“ಯಾ ಅಲ್ಲಾ! ಈ ಸೆರಗು ಯಾಕ್ರೀ?”

ಸೆರಗನ್ನು ತೆಗೆಯುವುದೂ ಮರೆತು ಎಲ್ಲವನ್ನೂ ಹೇಳಿದೆ. ಗೌಸ್ ಭಾಯ್ ನಗು ತಡೆಯಲು ತುಟಿ ಕಚ್ಚಿಕೊಂಡಿದ್ದವರು ಹಾಗೆಯೇ ನಿಂತುಬಿಟ್ಟರು. “ಶರಣಪ್ಪ ಸಾಹುಕಾರ್ರ ದನೀನ? ಮೊದಲೇ ಹೇಳಬೇಕಿಲ್ರೀ” ಎಂದು ಮೆತ್ತಗೆ ಹೇಳಿ ಮನೆಗೆ ಹೋಗಿ ಸ್ಪೀಕರ್ ಬಂದ್ ಮಾಡಿದರು. ಬೀಗರಿಗೆ ಏನು ಹೇಳಿ ಸಮಾಧಾನ ಮಾಡಿದರೋ ಗೊತ್ತಿಲ್ಲ. ಈ ಸಲ ನನ್ನ ಪಾಠ ನನ್ನ ಕಿವಿಯಲ್ಲೇ ಕೇಳಿಸಿತು. ಸೆರಗಿನ ಪ್ರಯೋಗ ಯಶಸ್ವಿ ಎಂದು ಘೋಷಿಸಿದೆ.

ಮರುದಿನ ಕಮಲಾಪುರದ ದಾರಿ ಹಿಡಿದೆ. ಬಸ್ಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಯಾವುದನ್ನು ಕೇಳಿಸಲಿ ಎಂದು ಭಾವನ ದನಿಗಳನ್ನು ಒಂದೊಂದಾಗಿ ಹಚ್ಚಿದೆ. ಮಳೆ ಬಂತು ಎಂಬುದು ಒಂದು. ಅವ್ವನಿಗೆ ಕಣ್ಣಿನ ಔಷಧ ತಾ ಎಂಬುದು ಇನ್ನೊಂದು. ಕೆಮ್ಮು, ನಡುವೆ ಎತ್ತಿಗೆ ಬೈಗುಳ, ದೂರದಲ್ಲಿ ಅಕ್ಕ ಊಟಕ್ಕೆ ಕರೆಯುವ ಕೂಗು. ಅವರು ನನ್ನ ಎರಡೂ ಕಿವಿಗಳ ನಡುವೆ ಕೂತು ಮಾತಾಡುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಪಕ್ಕದ ಹೆಣ್ಣುಮಗಳು ನೀರಿನ ಬಾಟಲಿ ಮುಂದೆ ಹಿಡಿದಳು. ಕಣ್ಣೊರೆಸಿಕೊಂಡು ಕಿಟಕಿಯಾಚೆ ನೋಡಿದರೆ ಕಮಲಾಪುರ ಹಿಂದೆ ಹೋಗಿ ಬಹಳ ಹೊತ್ತಾಗಿತ್ತು!

ಹೆಡ್‌ಫೋನ್ ತೆಗೆದು ಕಂಡಕ್ಟರನನ್ನು ಕೇಳಿದೆ.

“ಕಮಲಾಪುರ ಕಮಲಾಪುರ ಅಂತ ಗಂಟಲು ಹರಕೊಂಡೀನ್ರಿ. ಕಿವಿಗಿ ಬಾಗಿಲಾ ಹಾಕ್ಕೊಂಡು ಕುಂತ್ರ ನಾ ಏನ್ ಮಾಡ್ಲಿ?” ಎಂದು ನಡುದಾರಿಯಲ್ಲಿ ಇಳಿಸಿದ. ಹುಮನಾಬಾದ್ ಕಡೆಯಿಂದ ಬರುವ ಬಸ್ಸಿಗೆ ಬಿಸಿಲಲ್ಲಿ ಕಾದು ವಾಪಸ್ ಬಂದೆ. ಅಷ್ಟಾದರೂ ಒಂದನ್ನು ಆರಿಸಿಕೊಂಡಿದ್ದೆ. ಅದರಲ್ಲಿ ಭಾವ ಕೊನೆಗೆ ನಗುತ್ತಾರೆ. ಅಕ್ಕನಿಗೆ ಆ ನಗು ಕೇಳಿಸಬೇಕಿತ್ತು.

ಅಕ್ಕನ ಮನೆಯ ಪಡಸಾಲೆಯಲ್ಲಿ ಮಾತಾಡಿಸಲು ಬಂದ ಓಣಿಯ ಹೆಂಗಸರು ಕೂತಿದ್ದರು. ಚಹಾ ತರುವ ನೆಪದಲ್ಲಿ ಅಕ್ಕ ಒಳಗೆ ಬಂದಳು. ನಾನೂ ಹೋದೆ. ಅಲ್ಲೇ ಕೇಳಿಸೋಣವೆಂದರೆ ತುಸು ತಡವಾದರೂ ಅತ್ತೆ ಗೋಡೆ ಹಿಡಿದು ಹುಡುಕಿಕೊಂಡು ಬರುತ್ತಾರೆ. ಅವಸರದಲ್ಲಿ ಅಕ್ಕನ ತಲೆಗೆ ಹೆಡ್‌ಫೋನ್ ಏರಿಸಿ ಸ್ವಿಚ್ ಒತ್ತಿದೆ. ಅವಳು ಮೇಲೆ ಸೆರಗು ಹೊದ್ದು ಹೊರಗೆ ಬಂದು ಅತ್ತೆಯ ಪಕ್ಕ ಕೂತಳು. ಅತ್ತೆ ಚುಂಗು ಹಿಡಿದುಕೊಂಡರು. ಆಮೇಲೆ ಮೇಲೆ ನೋಡಿದರು.

“ಮಾದೇವಿ, ತಲಿ ಯಾಕ ಬಾತದ?”

ಅಕ್ಕನಿಗೆ ಕೇಳಿಸಬೇಕಲ್ಲ! ನಾನೇ ಬಾಯಿ ಹಾಕಿದೆ. “ತಲಿನೋವು ಅಂತ ಅರಿವಿ ಕಟ್ಕೊಂಡಾಳವ್ವಾ.”

ಕಿವಿ ಮುಚ್ಚಿದವರು ತಮಗೆ ಕೇಳಿಸುವಷ್ಟು ಜೋರಾಗಿ ಮಾತಾಡುತ್ತಾರೆ. ಇದು ವಿಜ್ಞಾನ. ಇದನ್ನೂ ನಾನು ಮರೆತಿದ್ದೆ.

“ಸಿದ್ದಣ್ಣಾ!” ಎಂದು ಅಕ್ಕ ಪಡಸಾಲೆ ನಡುಗುವಂತೆ ಕೂಗಿದಳು. “ಯಾವಾಕಿನೋ ಹೆಣ್ಣಮಗಳು ಇಂಗ್ಲಿಷದಾಗ ಮಾತಾಡಾಕತ್ತಾಳ!”

ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡ ಹೋದ ದುಃಖಕ್ಕೆ ಪಾಪ, ಹೀಗಾಯಿತಲ್ಲ ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಳು. ಫೋನಿಗೆ ಜೋಡಿಯಾದಾಗ ಹೆಡ್‌ಫೋನೇ ಹಾಗೆ ಮಾತಾಡುತ್ತದೆಂದು ಅಕ್ಕನಿಗೆ ನಾನು ಹೇಳಿರಲಿಲ್ಲ. ಮಾತಾಡಬೇಡ ಎಂದು ಸನ್ನೆ ಮಾಡಿ, ಫೋನನ್ನು ತೊಡೆಯ ಬದಿಗೆ ಮರೆ ಮಾಡಿಕೊಂಡು ಭಾವನ ದನಿ ಹಚ್ಚಿದೆ.

ಅಕ್ಕನ ಮುಖ ಬದಲಾಯಿತು. ಮದುವೆಯಾದ ಹೊಸತರಲ್ಲಿ ಅವಳ ಮುಖ ಹಾಗಿತ್ತು. ಅಳು ಯಾರಿಗೂ ಕಾಣಬಾರದೆಂದು ಸೆರಗನ್ನು ಬಿಗಿಯಾಗಿ ಎಳೆದು, ಗಂಡನ ದನಿ ಎಲ್ಲಿ ಸೋರಿ ಹೋಗುತ್ತದೋ ಎಂಬಂತೆ ಎರಡೂ ಅಂಗೈಯಿಂದ ಕಿವಿಗಳನ್ನು ಒತ್ತಿ ಹಿಡಿದಳು.

ಸ್ವಿಚ್ ಇದ್ದದ್ದು ಅಲ್ಲೇ. ಒತ್ತಿ ಹಿಡಿದರೆ ಅದು ಬಂದ್ ಆಗುತ್ತದೆ! ಮಾಸ್ತರನೊಬ್ಬ ಕನ್ನಡಿ ಮುಂದೆ ಹೊದೆಯುವ ಸೆರಗೇ ಬೇರೆ, ಗಂಡನನ್ನು ಕಳೆದುಕೊಂಡವಳು ಅತ್ತೆಯ ಎದುರು ಎಳೆದುಕೊಳ್ಳುವ ಸೆರಗೇ ಬೇರೆ. ನನ್ನ ಪ್ರಯೋಗದಲ್ಲಿ ದುಃಖ ಇರಲಿಲ್ಲ.

“ನಿಂತು ಹೋತು” ಎಂದಳು ಅಕ್ಕ, ಮಗುವಿನ ಹಾಗೆ.

ಏನಾಗಿದೆ ಎಂದು ನೋಡುವ ವ್ಯವಧಾನವಿಲ್ಲದೆ ಮತ್ತೆ ಹಚ್ಚಿದೆ. ಹೆಡ್‌ಫೋನ್ ಬಂದ್ ಆಗಿತ್ತಲ್ಲ, ದನಿ ಫೋನಿನಿಂದ ಹೊರಗೇ ಬಂತು!

“ಏ ಸಿದ್ಯಾ! ಬಾಳಿಗೊನಿ ಬಸ್ಸಿಗಿ ಹಾಕೀನಿ, ಹೋಗಿ ಇಳಿಸ್ಕೋ. ಹೋದ ಸಲ ಮಂದಿ ಚೀಲಾ ಹೊತ್ಕೊಂಡು ಮನಿಗಿ ಹೋಗಿದ್ದಿ, ಮಳ್ಳ! ನಿನಗ ಮಾಸ್ತರಕಿ ಯಾರು ಕೊಟ್ರೋ!”

ಧ್ವನಿ ಕಡಿಮೆ ಮಾಡಲು ಹೋಗಿ ಜಾಸ್ತಿ ಮಾಡಿದೆ. ಭಾವನ ನಗು ಪಡಸಾಲೆ ತುಂಬಿ, ಅಂಗಳ ದಾಟಿ ಓಣಿಗೆ ಹೋಯಿತು. ಆಮೇಲೆ ತಾನಾಗಿ ನಿಂತಿತು.

ಅತ್ತೆಯ ಕೈಯಿಂದ ಸೆರಗಿನ ಚುಂಗು ಜಾರಿತ್ತು. ಬಾಗಿಲ ಕಡೆ ನೋಡುತ್ತಿದ್ದರು. ಮುದುಕಿಯನ್ನು ನಾನೇ ಕೊಂದೆ ಎಂದುಕೊಂಡೆ. ಓಡಿ ಹೋಗಿ ಕಾಲು ಹಿಡಿದೆ.

“ತಪ್ಪಾತವ್ವಾ. ನಿನಗ ಕೇಳಬಾರ್ದಂತನೇ ಇಷ್ಟೆಲ್ಲ ಮಾಡಿದ್ವಿ.”

ಅತ್ತೆ ನನ್ನನ್ನೂ ನೋಡಿದರು, ಸೊಸೆಯನ್ನೂ ನೋಡಿದರು.

“ನನಗ ಕೇಳಬಾರ್ದಾ? ಅವನ ದನಿ ನಿಮಗಷ್ಟೇ ಏನು? ನಾ ಹಡದಾಕಿ. ಅವ ಅತ್ತಿದ್ದು ಮೊದಲು ಕೇಳಿದಾಕಿ ನಾನು.”

ಅಕ್ಕ ಸೆರಗು ಸರಿಸಿ ಹೆಡ್‌ಫೋನ್ ತೆಗೆದು ನೆಲದ ಮೇಲಿಟ್ಟಳು. ಅತ್ತೆಗೆ ಇನ್ನಷ್ಟು ಹತ್ತಿರ ಸರಿದು ಕೂತಳು.

“ಇನ್ನೊಮ್ಮಿ ಹಚ್ಚು” ಎಂದರು ಅತ್ತೆ.

ಹಚ್ಚಿದೆ. ಈ ಸಲ ಅತ್ತೆ ಮಗನ ಹೆಸರು ಹಿಡಿದು ಕೂಗಿ ಅತ್ತರು. ಅಕ್ಕ ಅವರ ಕೊರಳಿಗೆ ಬಿದ್ದು ಅತ್ತಳು. ಸುತ್ತ ಕೂತ ಹೆಂಗಸರೂ ದನಿಗೂಡಿಸಿದರು. ಮುಗಿಯಿತು ಎನ್ನುವಷ್ಟರಲ್ಲಿ ಅತ್ತೆ ಮೂಗೊರೆಸಿಕೊಂಡು ಮತ್ತೆ ಹೇಳಿದರು, “ಇನ್ನೊಮ್ಮಿ.” ಸುದ್ದಿ ಹರಡಿ ಓಣಿಯ ಮಂದಿ ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತರು. ಬಂದವರಿಗೆಲ್ಲ ಮಗನ ದನಿ ಕೇಳಿಸಬೇಕೆಂದು ಅತ್ತೆಯ ಅಪ್ಪಣೆ. ನಾನು ಹಚ್ಚುತ್ತಲೇ ಹೋದೆ. ಭಾವ ಮಳ್ಳ ಎನ್ನುತ್ತಲೇ ಹೋದರು.

ತಡವಾಗಿ ಬಂದ ಮುದುಕರೊಬ್ಬರು ಪೂರ್ತಿ ಕೇಳಿ, ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು.

“ಶರಣಪ್ಪ ಯಾರಿಗಿ ಬೈಯಾಕತ್ತಾನವ್ವಾ, ಆ ಮಳ್ಳ ಯಾರು?”

ಅಳುತ್ತಿದ್ದ ಅತ್ತೆ ಬೆರಳು ತೋರಿಸಿದರು. “ಈತ ನೋಡ್ರಿ.”

ಅತ್ತ ಕಣ್ಣುಗಳೆಲ್ಲ ನನ್ನ ಕಡೆ ತಿರುಗಿದವು. ಅಕ್ಕ ಕೂಡ ನೋಡಿದಳು. ಕಣ್ಣೀರಿನ ನಡುವೆ ಅವಳ ತುಟಿ ಸ್ವಲ್ಪ ಅರಳಿತು.

“ಹೌದ್ರಿ, ನಾನೇ” ಎಂದು ಒಪ್ಪಿಕೊಂಡು, ಭಾವನಿಂದ ಇನ್ನೊಮ್ಮೆ ಬೈಸಿಕೊಳ್ಳಲು ಗುಂಡಿ ಒತ್ತಿದೆ.