ನಿತ್ಯಸಮೀಕರಣಕ್ಕೆ ಭಾನುವಾರ ರಜೆ ಘೋಷಿಸುವ ಬಗ್ಗೆ

ಉಪನಿರ್ದೇಶಕರ ಕಚೇರಿ
(ಬಾಡಿಗೆ ಕಟ್ಟಡ, ಮೊದಲನೇ ಮಹಡಿ), ಆಲ್ಕೊಳ ಸರ್ಕಲ್ ಹತ್ತಿರ, ಶಿವಮೊಗ್ಗ

ಸಂ: ಉನಿಕ/ಘಾತ-4/ನಿತ್ಯ/2025-26

ಸುತ್ತೋಲೆ

ವಿಷಯ: ಥೀಟಾ ಫಲನಗಳ ನಾಲ್ಕನೇ ಘಾತಗಳ ನಡುವಿನ ನಿತ್ಯಸಮೀಕರಣವನ್ನು ಕಚೇರಿ ವೇಳೆಗೆ ಒಳಪಡಿಸುವ ಕುರಿತು.

ಉಲ್ಲೇಖ: ಭದ್ರಾವತಿಯ ಗಣಿತ ಉಪನ್ಯಾಸಕಿ ಶ್ರೀಮತಿ ಪ್ರಿಯದರ್ಶಿನಿ ಇವರ ಮನವಿ ಹಾಗೂ ಅದರ ಬೆನ್ನಿಗೇ ಬಂದ ನೆನಪೋಲೆಗಳು.

ಸದರಿ ಉಪನ್ಯಾಸಕಿಯವರು ತಮ್ಮ ಪಿಎಚ್.ಡಿ. ಪ್ರಬಂಧವನ್ನು ಇದೇ ಶುಕ್ರವಾರ ಸಂಜೆಯೊಳಗೆ ಸಲ್ಲಿಸದಿದ್ದರೆ ನೋಂದಣಿಯೇ ರದ್ದಾಗುವುದೆಂದೂ, ಅದಕ್ಕೆ ಈ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕೆಂದೂ ಕೋರಿರುತ್ತಾರೆ. ಎರಡು ಥೀಟಾಗಳ ನಾಲ್ಕನೇ ಘಾತಗಳನ್ನು ಕೂಡಿದರೆ ಇನ್ನೊಂದು ಥೀಟಾದ ನಾಲ್ಕನೇ ಘಾತ ಬರುತ್ತದೆಂದೂ, ಇದು ನಿತ್ಯಸಮೀಕರಣವೆಂದೂ ಪ್ರಬಂಧದ ಮೊದಲ ಪುಟದಲ್ಲೇ ಇದೆ. ಮುಂದಿನ ಪುಟಗಳನ್ನು ತೆರೆದಿರುವುದಿಲ್ಲ. ಪರಿಶೀಲಿಸಲಾಗಿ, ಈ ಮೂಲಕ ಸೂಚಿಸುವುದೇನೆಂದರೆ:

1. ‘ನಿತ್ಯ’ ಎಂದಿರುವುದರಿಂದ ಸಮೀಕರಣವು ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಹಾಜರಿ ಹಾಕತಕ್ಕದ್ದು. ಭಾನುವಾರ ಹಾಗೂ ಎರಡನೇ ಶನಿವಾರ ಎರಡೂ ಬದಿ ಸಮ ಇರುವುದನ್ನು ನಿಷೇಧಿಸಲಾಗಿದೆ. ಅಂದು ತಾನಾಗಿಯೇ ಸಮವಾದರೆ ಹೆಚ್ಚುವರಿ ಭತ್ಯೆ ಇರುವುದಿಲ್ಲ.

2. ನಾಲ್ಕನೇ ಘಾತದವರೆಗೂ ಸುಮ್ಮನಿದ್ದು, ಮೊದಲನೇ ಘಾತವಾದಾಗಲೇ ಪೊಲೀಸರಿಗೆ ದೂರು ನೀಡದಿರುವುದು ಗಂಭೀರ ಲೋಪ. ಸಂಖ್ಯೆಯನ್ನು ಅದರಿಂದಲೇ ಪದೇ ಪದೇ ಗುಣಿಸುವುದಕ್ಕೆ ಘಾತ ಎನ್ನುವರೆಂಬ ಸಮಜಾಯಿಷಿ ಬಂದಿದೆ. ಹಾಗಾದಲ್ಲಿ ಆರೋಪಿಯೂ ಸಂತ್ರಸ್ತರೂ ಒಬ್ಬರೇ ಆಗುವುದರಿಂದ ಕಾನೂನು ಅಭಿಪ್ರಾಯ ಕೇಳಲಾಗಿದೆ.

3. ಥೀಟಾಗಳು ಒಟ್ಟು ನಾಲ್ಕಿದ್ದು, ಮೊದಲನೆಯದರ ಬೆಲೆ ಸೊನ್ನೆಯಾದ್ದರಿಂದ ಅದನ್ನು ಬರೆದಿಲ್ಲವಂತೆ. ಸೊನ್ನೆ ಎಂಬ ಕಾರಣಕ್ಕೆ ಹೆಸರು ಕೈಬಿಡುತ್ತಾ ಹೋದರೆ ಈ ಕಚೇರಿಯಲ್ಲಿ ಯಾರೂ ಉಳಿಯುವುದಿಲ್ಲ. ಕೂಡಲೇ ಸೇರಿಸಿಕೊಳ್ಳತಕ್ಕದ್ದು.

4. “ನಿತ್ಯ ಅಂದ್ರೆ ದಿನಾ ಅಂತ ಅಲ್ಲ ಸಾರ್, ಯಾವಾಗ್ಲೂ ಅಂತ. ಯಾರ ಸಹಿ ಇಲ್ದಿದ್ರೂ ಅದು ಸಮನೇ” ಎಂದು ಉಪನ್ಯಾಸಕಿಯವರು ಮೌಖಿಕವಾಗಿ ತಿಳಿಸಿರುತ್ತಾರೆ. ಸಹಿಯಿಲ್ಲದೆ ಸಮವಾಗುವ ಈ ಧೋರಣೆಯಿಂದ ಕಚೇರಿಗೆ ತೀವ್ರ ನೋವಾಗಿದೆ. ಆದ್ದರಿಂದ ಸಮೀಕರಣವು ಮುಂದಿನ ಎಲ್ಲಾ ದಿನಗಳಲ್ಲೂ ತಪ್ಪದೆ ಸಮವಾಗಿತ್ತೆಂದು ಖಚಿತವಾದ ಮರುದಿನ ನಿರಾಕ್ಷೇಪಣಾ ಪತ್ರ ನೀಡಲಾಗುವುದು.

ಸಹಿ/-
ಉಪನಿರ್ದೇಶಕರು

ಪ್ರತಿಗಳು (ಕೊನೆಯ ಎರಡನ್ನು ಸೋಮವಾರ ಸೇರಿಸಲಾಗಿದೆ):

1. ಪ್ರಾಂಶುಪಾಲರು, ಭದ್ರಾವತಿ – ಕರಿಹಲಗೆಯ ಮೇಲಿರುವ ಘಾತಗಳನ್ನು ಮಹಜರು ಮಾಡಿ ಅಳಿಸಲು.

2. ಪ್ರಥಮ ದರ್ಜೆ ಸಹಾಯಕಿ ಮಹಾಂತಮ್ಮ – ಸಾಹೇಬರು ಓದದೆ ಸಹಿ ಮಾಡುವ ಕಟ್ಟಿನಲ್ಲಿ, ಈ ಸುತ್ತೋಲೆಯ ಕೆಳಗೇ ನಿರಾಕ್ಷೇಪಣಾ ಪತ್ರವನ್ನೂ ಇಟ್ಟಿದ್ದೇಕೆಂದು ವಿವರಣೆ ನೀಡಲು.

3. ಶ್ರೀಮತಿ ಪ್ರಿಯದರ್ಶಿನಿ – ನಿರಾಕ್ಷೇಪಣಾ ಪತ್ರದ ಮೇಲಿನ ಸಹಿ ಅಸಲಿಯೇ ಆಗಿದ್ದು, ತಾವು ಶುಕ್ರವಾರ ಮಧ್ಯಾಹ್ನವೇ ಪ್ರಬಂಧ ಸಲ್ಲಿಸಿರುವುದರಿಂದ, ಈ ಸುತ್ತೋಲೆಯನ್ನು ಓದುವ ಅಗತ್ಯವಿರುವುದಿಲ್ಲ.