ನಾನು ಒಲೆ ಹಚ್ಚಿದ ವಿಡಿಯೋ

ಹೆದರುವುದರಲ್ಲಿ ತಪ್ಪೇನಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಧೈರ್ಯವಂತರ ಫೋಟೋಗೆ ಬೇಗ ಹಾರ ಬೀಳುತ್ತದೆ, ಪುಕ್ಕಲರು ಮೊಮ್ಮಕ್ಕಳನ್ನು ನೋಡಿ ಸಾಯುತ್ತಾರೆ. ಆದರೆ ಪುಕ್ಕಲನನ್ನೇ ಮೇಷ್ಟ್ರು ಮಾಡಿ, ಅವನ ಪಾಠವನ್ನು ಮೊಬೈಲಿನಲ್ಲಿ ಹಿಡಿದಿಟ್ಟರೆ ಏನಾಗುತ್ತದೆಂದು ಅಜ್ಜಂಪುರದ ನಮ್ಮ ಅಡುಗೆಮನೆಯಲ್ಲಿ ಕಂಡೆ. ನನಗೆ ನಾಯಿ, ಸಿಡಿಲು, ತಾಲ್ಲೂಕು ಕಚೇರಿ ಎಲ್ಲ ಕಂಡರೂ ಭಯ. ಗ್ಯಾಸ್ ಒಲೆ ಕಂಡರೆ ಇವೆಲ್ಲಕ್ಕಿಂತ ಹೆಚ್ಚು.

ಮಗಳು ಶಾಂಭವಿಗೆ ಆಟಿಸಂ. ಹದಿನೈದು ತುಂಬಿದೆ, ಮಾತು ಕಡಿಮೆ, ನೋಡುವುದು ಹೆಚ್ಚು. ಹೇಳಿಕೊಟ್ಟರೆ ಬಾರದ್ದು ವಿಡಿಯೋ ತೋರಿಸಿದರೆ ಬರುತ್ತದೆ. ಹಲ್ಲುಜ್ಜುವುದು, ಜಡೆ ಹಾಕಿಕೊಳ್ಳುವುದು ಹಾಗೇ ಬಂದವು. ಈಗ ಹಾಲು ಕಾಯಿಸುವ ಸರದಿ. ನಾವು ಹೋದ ಮೇಲೆ ಇವಳಿಗೆ ಒಂದು ಲೋಟ ಹಾಲು ಯಾರು ಕಾಯಿಸಿ ಕೊಡುತ್ತಾರೆ ಎಂಬ ಭಯ ಗ್ಯಾಸಿನ ಭಯಕ್ಕಿಂತ ದೊಡ್ಡದು, ಅದಕ್ಕೇ ವಿಡಿಯೋ ತೆಗೆಯಲು ಒಪ್ಪಿದೆ. "ಬೇಡದ್ದೇನೂ ವಿಡಿಯೋದಲ್ಲಿ ಇರಬಾರದು ಸಾರ್. ಕಂಡಿದ್ದು, ಕೇಳಿದ್ದು ಎಲ್ಲಾನೂ ಪಾಠ ಅಂತ್ಲೇ ತಗೋತಾಳೆ" ಎಂದು ಅವಳಿಗೆ ಕಲಿಸುವ ತರೀಕೆರೆಯ ಟೀಚರ್ ಎಚ್ಚರಿಸಿದ್ದರು.

ಫೋನ್ ನಾನು ಹಿಡಿಯುತ್ತೇನೆಂದೆ. "ನಿಮ್ ಕೈಗೆ ಕೊಟ್ರೆ ಒಲೇನೂ ನಡುಗುತ್ತೆ ಕಣ್ರೀ, ನೀವು ಹಚ್ಚಿ" ಎಂದಳು ಹೆಂಡತಿ. ನಾಬ್ ಟಕ್ಕೆಂದ ಕೂಡಲೇ ನಡುಮನೆಯಿಂದ ಅವ್ವ ಕೂಗಿದಳು, "ಲೇ, ಪೈಪ್ ನೋಡ್ಕಂಡ್ಯೇನೋ?" ನಮ್ಮ ಮನೆಯಲ್ಲಿ ಯಾರು ಒಲೆ ಹಚ್ಚಿದರೂ ಅವ್ವ ಹೀಗೆ ಕೇಳಲೇಬೇಕು. ಬಾಗಿಲ ಕಡೆ ತಿರುಗಿ "ನೋಡ್ದೆ ಕಣವ್ವ" ಎಂದು, ಆಮೇಲೆ ಲೈಟರ್ ಒತ್ತಿದೆ. ಇನ್ನೊಂದು ಸಲ ತೆಗೆಯೋಣ ಎಂದಳು ಹೆಂಡತಿ. ಮತ್ತೆ ಅಲ್ಲಿ ನಿಲ್ಲುವ ಗುಂಡಿಗೆ ನನಗಿರಲಿಲ್ಲ.

ಶಾಂಭವಿ ಅದನ್ನೇ ಕಲಿತಳು. ನಾಬ್ ತಿರುಗಿಸುವಳು, ಅವ್ವ ಕೂಗುವಳು, "ನೋಡ್ದೆ ಕಣವ್ವ" ಎಂದು ಹಚ್ಚುವಳು. ಮಗಳು ಮಾತಾಡಿದಳಲ್ಲ ಎಂದು ನಾವು ಹಿಗ್ಗಿ ಹೀರೇಕಾಯಿಯಾದೆವು.

ಅವ್ವ ಬುಕ್ಕಾಂಬುಧಿಯ ನೆಂಟರ ಮನೆಗೆ ಹೊರಟ ಬೆಳಿಗ್ಗೆ, ಹೆಂಡತಿ ಬಸ್ಸು ಹತ್ತಿಸಲು ಹೋಗಿದ್ದಳು. ಪೇಪರ್ ಓದುತ್ತಿದ್ದ ನನ್ನ ಮೂಗಿಗೆ ಗ್ಯಾಸಿನ ವಾಸನೆ ಬಡಿಯಿತು. ಹೋಗಿ ನೋಡಿದರೆ ಒಲೆ ಬುಸುಗುಡುತ್ತಿದೆ. ಶಾಂಭವಿ ಲೈಟರ್ ಹಿಡಿದು ಬಾಗಿಲ ಕಡೆ ನೋಡುತ್ತ ನಿಂತಿದ್ದಾಳೆ, ಅವ್ವನ ಕೂಗಿಗಾಗಿ. ನಾನು ಬಾಯಿಬಿಟ್ಟರೆ ಅದನ್ನೇ ಅವ್ವನ ಕೂಗೆಂದುಕೊಂಡು ಲೈಟರ್ ಒತ್ತಿಬಿಟ್ಟರೆ? ತುಟಿಪಿಟಕ್ಕೆನ್ನದೆ ಹೋಗಿ ಲೈಟರ್ ತೆಗೆದುಕೊಂಡೆ, ನಾಬ್ ತಿರುಗಿಸಿ ಗ್ಯಾಸ್ ನಿಲ್ಲಿಸಿದೆ, ಕಿಟಕಿ ತೆರೆದೆ. ಆಮೇಲೆ ನೆಲದ ಮೇಲೆ ಕುಸಿದು ತಲೆಯ ಮೇಲೆ ಕೈಹೊತ್ತು ಕುಳಿತೆ. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಅಂದೇ ಹೊಸ ವಿಡಿಯೋ ಆಯಿತು. ಹೆಂಡತಿ ಫೋನನ್ನು ರಾಗಿಹಿಟ್ಟಿನ ಡಬ್ಬಕ್ಕೆ ಆನಿಸಿ ತಾನೇ ಹಚ್ಚಿದಳು, ನನ್ನನ್ನು ಬೀದಿಗೆ ಕಳಿಸಿದಳು. ವಾಪಸು ಬಂದ ಅವ್ವನಿಗೆ, ಮೊಮ್ಮಗಳು ಒಲೆಯ ಹತ್ತಿರ ಹೋದಾಗಲೆಲ್ಲ ಬಾಯಿ ತುಂಬ ಎಲೆಅಡಿಕೆ.

ಮೊನ್ನೆ ಮನೆಯಲ್ಲಿ ನಾನು, ಮಗಳು ಇಬ್ಬರೇ ಇದ್ದೆವು. ನಾನಿಟ್ಟ ಹಾಲು ಉಕ್ಕಿ ಉರಿ ಆರಿಹೋಯಿತು, ವಾಸನೆ ಎದ್ದಿತು. ಲೈಟರ್ ಹಿಡಿದು ಕಲ್ಲಾಗಿ ನಿಂತೆ. ಶಾಂಭವಿ ಬಂದಳು. ಮಾತಿಲ್ಲದೆ ನನ್ನ ಕೈಯಿಂದ ಲೈಟರ್ ತೆಗೆದುಕೊಂಡಳು, ನಾಬ್ ತಿರುಗಿಸಿ ಗ್ಯಾಸ್ ನಿಲ್ಲಿಸಿದಳು, ಕಿಟಕಿ ತೆರೆದಳು. ಆ ಪಾಠದ ವಿಡಿಯೋವನ್ನು ಯಾರೂ ತೆಗೆದಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು, ಇವಳು ಬದುಕಿಕೊಳ್ಳುತ್ತಾಳೆ ಎನ್ನಿಸಿತು. ಅಷ್ಟರಲ್ಲಿ ಅವಳು ನೆಲದ ಮೇಲೆ ಕುಸಿದು ತಲೆಯ ಮೇಲೆ ಕೈಹೊತ್ತು ಕುಳಿತಳು. ಮುಖದಲ್ಲಿ ಭಯದ ಸುಳಿವೇ ಇಲ್ಲ. ನಾನೂ ಹೋಗಿ ಅವಳ ಪಕ್ಕದಲ್ಲೇ ಕುಳಿತೆ. ಅವಳು ಒಮ್ಮೆ ನನ್ನನ್ನು ದಿಟ್ಟಿಸಿ ನೋಡಿ, ನನ್ನ ಎರಡು ಕೈಗಳನ್ನೂ ಎತ್ತಿ ತಲೆಯ ಮೇಲೆ ಸರಿಯಾಗಿ ಇಟ್ಟಳು.